ಊರಿಗೆ ತಮಟೆ, ನಮಗೆ ಏಕತಾರಿ

ಕೆನಡಾದ ವ್ಯಾಂಕೂವರ್‌ನಲ್ಲಿ ಬಿಲ್ ಲೀಬ್ ಅನ್ನುವವನು 1986ರಲ್ಲಿ ಫ್ರಂಟ್ ಲೈನ್ ಅಸೆಂಬ್ಲಿ ಅಂತ ತಂಡ ಕಟ್ಟಿದ. ಅದರದು ಇಂಡಸ್ಟ್ರಿಯಲ್ ಸಂಗೀತ. ಅಂದರೆ ಕಾರ್ಖಾನೆಯ ಸದ್ದು: ಸಿಂಥಸೈಜರ್, ಡ್ರಮ್ ಮಷೀನು, ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಏಟು, ಒಡಕು ದನಿಯ ಕೂಗು. ಮರುವರ್ಷವೇ ಅದೇ ಲೀಬ್ ಗೆಳೆಯನೊಬ್ಬನ ಜತೆ ಡೆಲಿರಿಯಮ್ ಅಂತ ಇನ್ನೊಂದು ತಂಡ ಶುರುಮಾಡಿದ. ಇದರದು ಹೊಗೆಯ ಹಾಗೆ ನಿಧಾನ ಹರಡುವ ಸದ್ದು. ಆಂಬಿಯೆಂಟ್ ಅಂತಾರೆ. 1997ರ 'ಕರ್ಮ' ಆಲ್ಬಮ್ಮಿನ 'ಸೈಲೆನ್ಸ್' ಹಾಡನ್ನು ಸಾರಾ ಮೆಕ್‌ಲಾಕ್ಲನ್ ಹಾಡಿ, ಅದು ಮೂಲ ತಂಡದ ಹಾಡುಗಳಿಗಿಂತ ಹೆಚ್ಚು ಜನಕ್ಕೆ ಮುಟ್ಟಿತು. (ಕರ್ಮ ಅನ್ನೋ ಹೆಸರು ಅವರಿಗೆ ಚಂದ ಕಂಡಿರಬೇಕು. ನಮ್ಮ ಕೇರಿಗೆ ಆ ಪದ ಬೇರೆ ಥರ ಗೊತ್ತು.)

ಬರೆಯುವವರು ಡೆಲಿರಿಯಮ್ಮನ್ನು ಪಕ್ಕದ ಕೆಲಸ ಅಂತ ಕರೀತಾರೆ. ಅದನ್ನು ಓದಿದಾಗ ನನಗೆ ನಮ್ಮಪ್ಪ ನೆನಪಾದ.

ಅಪ್ಪನ ಕೈಲೂ ಎರಡು ವಾದ್ಯ. ಒಂದು ತಮಟೆ. ಊರಹಬ್ಬ, ಕೊಂಡ, ಸಾವು, ಯಾವುದಕ್ಕಾದರೂ ಆಳು ಕೇರಿ ಬಾಯಲ್ಲಿ ನಿಂತು "ಬರ್ಲಾ" ಅಂದರೆ ಸಾಕು. ಹುಲ್ಲುರಿಯಲ್ಲಿ ಚರ್ಮ ಕಾಯಿಸಬೇಕು. ಕಾದರೇನೇ ಅದು ಬಿಗಿಯೋದು. ಬಲಗೈಲಿ ದಪ್ಪ ಕೋಲು, ಎಡಗೈಲಿ ಸಣ್ಣ ಕಡ್ಡಿ. ಹೆಣ ಮಣ್ಣಾಗೋವರೆಗೂ ಬಡೀಬೇಕು. ದೇವರ ಮುಂದೆ ಬಡಿಯೋನು ಗುಡಿ ಮೆಟ್ಟಿಲು ಹತ್ತಂಗಿಲ್ಲ.

ಇನ್ನೊಂದು ಏಕತಾರಿ. ರಾತ್ರಿ ಉಂಡಾದ ಮೇಲೆ ಜಗಲಿಯಲ್ಲಿ ನಾಲ್ಕು ಜನ, ಒಂದು ದಮ್ಮಡಿ, ತತ್ವಪದ. ಒಂದೇ ತಂತಿ, ಒಂದೇ ಸ್ವರ. ಅದು ಏರೋದಿಲ್ಲ, ಇಳಿಯೋದಿಲ್ಲ. ಹಾಡು ಅದರ ಮೇಲೆ ಕೂತು, ಎದ್ದು ಹೋಗುತ್ತೆ. ಆಂಬಿಯೆಂಟ್ ಅನ್ನೋದು ಇದಲ್ಲದೆ ಇನ್ನೇನು? ಹಗಲೆಲ್ಲ ರಾಮನಗರದ ರೇಷ್ಮೆ ಫಿಲೇಚರಿನಲ್ಲಿ ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹಿಡಿದು, ಮೋಟಾರಿನ ಮೊರೆತಕ್ಕೆ ಕಿವಿ ಮರಗಟ್ಟಿದ ಅವ್ವಂದಿರು ಗೋಡೆಗೊರಗಿ ಕೇಳೋರು. ಆ ಫಿಲೇಚರಿನ ಸದ್ದನ್ನು ಅವರ್‍ಯಾರೂ ಸಂಗೀತ ಅಂದಿದ್ದಿಲ್ಲ. ಹಂಗನ್ನೋಕೆ ಅದರಿಂದ ದೂರ ಇರಬೇಕೇನೋ.

"ಅದು ಊರಿಗೆ ಬಡ್ಯದು ಕಣ್ ಮಗ, ಇದು ನಮ್ಗೆ" ಅನ್ನೋನು ಅಪ್ಪ. ಹಾಗಾದರೆ ಯಾವುದು ಮುಖ್ಯ, ಯಾವುದು ಪಕ್ಕದ್ದು? ಲೀಬ್ ಎರಡನ್ನೂ ತಾನೇ ಆರಿಸಿಕೊಂಡ. ಅಪ್ಪನಿಗೆ ಗದ್ದಲ ಹುಟ್ಟಿನಿಂದ ಅಂಟಿ ಬಂತು, ಮೆಲುಸದ್ದು ಮಾತ್ರ ಅವನ ಆಯ್ಕೆ. ಊರಿಗೆ ಗೊತ್ತಿರೋದು ತಮಟೆಯವನು. ಏಕತಾರಿ ಊರಿನ ಕಿವಿಗೆ ಬಿದ್ದೇ ಇಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ಹಾಡುಗಳನ್ನು 1970-80ರ ದಶಕಗಳಲ್ಲಿ ಸಂಘರ್ಷ ಸಮಿತಿಯ ಹುಡುಗರು ತಮಟೆ ಬಡಿದು ಹಾಡಿದರು. ಊರು ಕರೆಯದೆ ನುಡಿದ ತಮಟೆ ಅದು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಸಂತೋಷವೇ. ಅದೇ ವರ್ಷ ನಮ್ಮೂರಲ್ಲಿ ದೊಡ್ಡವರ ಮನೆಯ ಸಾವಾಯಿತು. ಆಳು ಬಂದು ಕೇರಿ ಬಾಯಲ್ಲಿ ನಿಂತ. "ಬರಲ್ಲ" ಅಂದೆ ನಾನು. ಮೂರು ತಿಂಗಳು ಊರ ಅಂಗಡೀಲಿ ಸಾಮಾನು ಕೊಡಲಿಲ್ಲ; ಉಪ್ಪಿಗೂ ಚನ್ನಪಟ್ಟಣಕ್ಕೆ ಹೋದೆವು. ಅಪ್ಪ ಒಂದು ಮಾತೂ ಬೈಲಿಲ್ಲ. ತಮಟೆ ಗೋಡೆಯ ಮೊಳೆಯಲ್ಲೇ ಇತ್ತು. ರಾತ್ರಿಯ ಹಾಡಿಕೆ ಜಗಲಿ ಬಿಟ್ಟು ಬೀದಿಗೆ ಬಂತು, ಊರಿಗೆ ಕೇಳೋ ಹಂಗೆ.