ಟಕ್ ಎಂದರೂ ಹೊತ್ತದ ಒಲೆ

ಈ ಮಳೆಗಾಲದಲ್ಲಿ ನಮ್ಮ ಮನೆಯ ಗ್ಯಾಸ್ ಒಲೆಯ ಎಡಗಡೆಯ ಬರ್ನರ್ ಹೊತ್ತುವುದನ್ನು ನಿಲ್ಲಿಸಿತು. ನಾಬ್ ಒತ್ತಿ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ, ಬೆಂಕಿ ಇಲ್ಲ. ರಿಪೇರಿಯವರು ನೋಡಿ, “ಹಳತಾಯಿತು, ಹೊಸ ಒಲೆ ತೆಗೆದುಕೊಳ್ಳಿ” ಎಂದರು. ನನ್ನ ಮತ್ತು ತಂಗಿಯ ಫೀಸು ಕಟ್ಟಿ ವಾರವೂ ಆಗಿರಲಿಲ್ಲ. ಹೊಸ ಒಲೆಯ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ನನಗೆ ಚಿಂತೆಯಾದದ್ದು ಬೇರೆಯದಕ್ಕೆ. ಉಮ್ಮ ನಾಬನ್ನು ಐದಾರು ಸಲ ತಿರುಗಿಸುತ್ತಿದ್ದರು. ನಮ್ಮ ಒಲೆಯಲ್ಲಿ ಒಂದು ಸಲ ತಿರುಗಿಸಿದರೆ ಒಂದೇ ಕಿಡಿ. ಆದರೆ ಪ್ರತಿ ಸಲವೂ ಗ್ಯಾಸ್ ಹೊರಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ಕೆಳಗೆ ಇಳಿದು ನೆಲದ ಬಳಿ ಸೇರಿಕೊಳ್ಳುತ್ತದೆ.

ಹಾಗಾಗಿ ಎರಡೇ ಪ್ರಶ್ನೆ ಕೇಳಿಕೊಂಡೆ. ಗ್ಯಾಸ್ ಬರುತ್ತಿದೆಯೇ? ಕಡ್ಡಿ ಗೀರಿ ಹಚ್ಚಿದಾಗ ನೀಲಿ ಜ್ವಾಲೆ ಬಂತು. ಅಂದರೆ ಗ್ಯಾಸಿನಲ್ಲಿ ತೊಂದರೆಯಿಲ್ಲ. ಕಿಡಿ ಬರುತ್ತಿದೆಯೇ? ಕರೆಂಟ್ ಹೋಗಿದ್ದ ಒಂದು ಸಂಜೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ನಾಬ್ ತಿರುಗಿಸಿದೆ. ಬಲಗಡೆ ಕಿಡಿ ಸ್ಪಷ್ಟವಾಗಿ ಕಂಡಿತು. ಎಡಗಡೆ ಏನೂ ಕಾಣಲಿಲ್ಲ.

ಇಂಥ ನಾಬಿನ ಹಿಂದೆ ಒಂದು ಪುಟ್ಟ ಸುತ್ತಿಗೆ ಇರುತ್ತದೆ. ಅದು ಪೀಜೋ ಹರಳಿಗೆ ಬಡಿದಾಗ ವಿದ್ಯುತ್ ಹುಟ್ಟುತ್ತದೆ. ಒತ್ತಡದಿಂದ ಹರಳಿನಲ್ಲಿ ವಿದ್ಯುತ್ ಹುಟ್ಟುವುದನ್ನು 1880ರಲ್ಲಿ ತೋರಿಸಿಕೊಟ್ಟವರು ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಜಿಗಿಯಲು ಕಿಡಿಗೆ ಸುಮಾರು 3,000 ವೋಲ್ಟ್ ಬೇಕೆಂದು ನಮ್ಮ ಭೌತಶಾಸ್ತ್ರದ ಪಾಠದ ಲೆಕ್ಕ. ಬರ್ನರ್ ಪಕ್ಕದ ಪಿನ್ನಿನ ಸುತ್ತ ಬಿಳಿ ಪಿಂಗಾಣಿ ಇರುವುದು ಆ ವಿದ್ಯುತ್ ಬೇರೆಡೆ ಸೋರದಿರಲಿ ಎಂದು. ನಮ್ಮ ಒಲೆಯಲ್ಲಿ ಆ ಪಿಂಗಾಣಿಯ ಮೇಲೆ ಉಕ್ಕಿದ ಹಾಲು ಕಂದಾಗಿ ಗಟ್ಟಿಯಾಗಿತ್ತು, ಮಳೆಯ ತೇವವೂ ಸೇರಿತ್ತು. ವಿದ್ಯುತ್ತಿಗೆ ಜಿಗಿಯುವ ಬದಲು ಸೋರಿಹೋಗುವ ದಾರಿ ಸಿಕ್ಕಿತ್ತು.

ರೆಗ್ಯುಲೇಟರ್ ಬಂದ್ ಇರುವಾಗಲೇ, ತಣ್ಣಗಿದ್ದ ಒಲೆಯ ಪಿನ್ನನ್ನೂ ಪಿಂಗಾಣಿಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದೆ. ಬರ್ನರಿನ ತೂತುಗಳನ್ನು ಸೂಜಿಯಿಂದ ಬಿಡಿಸಿ, ಎಲ್ಲ ಪೂರ್ತಿ ಒಣಗಿದ ಮೇಲೆ ಮುಚ್ಚಳವನ್ನು ಸರಿಯಾಗಿ ಕೂರಿಸಿದೆ. ಉಮ್ಮ ನಾಬ್ ತಿರುಗಿಸಿದರು. ಮೊದಲ ಟಕ್‌ಗೇ ಹೊತ್ತಿತು. “ಇಷ್ಟೇನಾ ಮಗಾ?” ಎಂದರು.

ಎಲ್ಲರ ಮನೆಯಲ್ಲೂ ಇಷ್ಟೇ ಇರಲಿಕ್ಕಿಲ್ಲ. ಬ್ಯಾಟರಿಯ ಒಲೆಯಾದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ. ಪಿನ್ ಒಣಗಿದ್ದು, ಶುಚಿಯಾಗಿದ್ದೂ ಕಿಡಿ ಬಾರದಿದ್ದರೆ ಒಳಗಿನ ವಯರ್ ಅಥವಾ ನಾಬಿನ ಕೆಲಸ, ಅದು ಮೆಕ್ಯಾನಿಕ್‌ಗೆ ಬಿಟ್ಟದ್ದು. ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ: ಎರಡು ಸಲಕ್ಕೆ ಹೊತ್ತದಿದ್ದರೆ ನಾಬ್ ಬಂದ್, ಕಿಟಕಿ ಓಪನ್. ಒಲೆ ಕೆಟ್ಟರೆ ಕಡ್ಡಿ ಗೀರಿಯೂ ಅಡುಗೆ ಮಾಡಬಹುದು. ತೆರೆದಿಟ್ಟ ನಾಬಿಗೆ ಅಂಥ ಉಪಾಯವಿಲ್ಲ.