ಲಾನ್ ಇಲ್ಲದ ಪಾರ್ಕು

ಹಿರಿಯೂರಿನ ಪಾರ್ಕೊಂದಕ್ಕೆ ಪ್ಲಾನ್ ಕೇಳಿದಾಗ, ಬೆಂಗಳೂರಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಹಸಿರು ಲಾನ್ ಬಳಿದಿದ್ದೆ. ಅಪ್ಪ ನೋಡಿ ಕೇಳಿದ್ದು ಒಂದೇ: "ನೀರು ಯಾರಪ್ಪ ಹಾಕ್ತಾರೆ?"

ನಮ್ಮ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ ಕಾದ ಸೀಮೆಯಿದು!

ಮರುವಾರ ಇಬ್ಬರೂ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿದೆವು. ಬಂಡೆಗಳ ನಡುವೆ ಬಂದರಿಕೆ, ಬಯಲಲ್ಲಿ ತಂಗಡಿ, ಹಳ್ಳದ ಪಕ್ಕ ಹೊಂಗೆ. ಯಾವುದಕ್ಕೂ ಟ್ಯಾಂಕರ್ ಬಂದಿರಲಿಲ್ಲ.

ಹೊಸ ಪ್ಲಾನಿನಲ್ಲೂ ಅದೇ ಕ್ರಮ ಇಟ್ಟೆ: ಕಲ್ಲುದಿಬ್ಬಕ್ಕೆ ಬಂದರಿಕೆ, ಬಯಲಿಗೆ ತಂಗಡಿ, ಮಳೆನೀರು ಇಂಗುವ ತಗ್ಗಿಗೆ ಹೊಂಗೆ. ಲಾನ್ ಅಳಿಸುವಾಗ ಮಾತ್ರ ಕೈ ನಡುಗಿತು.

"ಇದೇನು ಪಾರ್ಕಾ, ಕುರುಚಲು ಕಾಡಾ ಅಂತಾರೆ ಜನ" ಎಂದೆ.

"ಅಂತಾರೆ, ತಂಗಡಿ ಹೂ ಬಿಡೋವರೆಗೆ" ಅಂದ್ರು ಅಪ್ಪ.

ಸೇವ್ ಒತ್ತಿದೆ.