ದುಮ್ಮವಾಡದ ಸತೀರ್ಥ್ಯ

ಧಾರವಾಡದಿಂದ ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಕನಿಗೆ ಭೂಮಿಯು ತನ್ನ ವೇಷವನ್ನು ಬದಲಿಸುವದು ಬೇಗನೆ ಕಣ್ಣಿಗೆ ಬೀಳುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯು ದೃಷ್ಟಿ ಹರಿಯುವಷ್ಟು ದೂರ ಸಮತಲವಾಗಿದ್ದರೆ, ಕಲಘಟಗಿ ತಾಲೂಕಿನಲ್ಲಿ ನೆಲವು ಕೆಂಪೇರಿ, ಏರಿಳಿವುಗಳಿಂದ ಕೂಡಿ, ಮಲೆನಾಡಿನ ಹೊಸ್ತಿಲನ್ನು ಮುಟ್ಟುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಬಲ್ಲ ತಾಯಂದಿರಿಗೆ ಈ ಸೀಮೆಯ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಇಲ್ಲಿಯ ದುಮ್ಮವಾಡದ ಹೆಸರನ್ನು ದೂರದ ವಾಚಕರು ಕೇಳಿರಲಿಕ್ಕಿಲ್ಲ; ಆದರೆ ಹುಬ್ಬಳ್ಳಿಯ ಗೃಹಸ್ಥರು ಬಹುಕಾಲ ಕುಡಿದುದು ಇದರ ಸಮೀಪದ ನೀರಸಾಗರದ ನೀರನ್ನೇ.

ಕಳೆದ ವೈಶಾಖದಲ್ಲಿ ನಾವು ಅಲ್ಲಿಗೆ ಹೋದುದು ಒಬ್ಬ ವಿದ್ಯಾರ್ಥಿಯ ನಿಮಿತ್ತವಾಗಿ. ಧಾರವಾಡದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದ ಆ ತರುಣನು ಸಂಸ್ಕೃತ ಪಾಠಕ್ಕಾಗಿ ಸಾಯಂಕಾಲ ನಮ್ಮಲ್ಲಿಗೆ ಬರುತ್ತಿದ್ದನು. ಪರೀಕ್ಷೆಯು ಸಮೀಪಿಸಿತ್ತು, ಬೀಳ್ಕೊಡುವ ಸಮಾರಂಭವೂ ಮುಗಿದಿತ್ತು. ಒಂದು ಸಂಜೆ ಪುಸ್ತಕವನ್ನು ತೆರೆಯದೆಯೇ ಕುಳಿತುಬಿಟ್ಟನು. ಕೇಳಿದಾಗ, ಸಮಾರಂಭದ ದಿನ ತೆಗೆಯಿಸಿದ ಛಾಯಾಚಿತ್ರವನ್ನು ತೋರಿಸಿ, "ಇದರಾಗ ಒಬ್ಬಾಂವ ಇಲ್ಲರೀ ಸರ" ಎಂದನು.

ಮೊದಲ ವರ್ಷ ಸಪ್ತಾಪುರದ ಒಂದು ಕೋಣೆಯಲ್ಲಿ ನಾಲ್ವರು ಕೂಡಿದ್ದರಂತೆ. ನಮ್ಮ ಹುಡುಗನು ಆಗ ನಾಲ್ಕು ಜನರೆದುರು ಬಾಯಿ ಬಿಡಲು ಅಂಜುವವನು. ದುಮ್ಮವಾಡದ ಗೆಳೆಯನು ಪ್ರತಿರಾತ್ರಿ ಅವನನ್ನು ಎದ್ದು ನಿಲ್ಲಿಸಿ, ಉಳಿದಿಬ್ಬರನ್ನು ಸಭಿಕರನ್ನಾಗಿ ಕೂಡ್ರಿಸಿ, ಭಾಷಣ ಮಾಡಿಸುತ್ತಿದ್ದನು. ಜ್ವರ ಬಂದಾಗ ಗಂಜಿ ಕಾಸಿದನು. ಮನೆಯಿಂದ ಹಣ ಬರುವದು ತಡವಾದಾಗ ಪರೀಕ್ಷೆಯ ಫೀಯನ್ನು ತಾನೇ ತುಂಬಿದನು. ಎರಡನೆಯ ವರ್ಷದ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ತಂದೆಯು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದನು. ಇವನೂ ಹೋಗಿ ನೋಡಲಿಲ್ಲ. "ನಾ ಕಲಕೋತ ಕುಂತೀನಿ, ಆಂವ ನೇಗಿಲಾ ಹಿಡದಾನ. ಯಾವ ಮುಖ ಇಟಗೊಂಡ ಹೋಗಲಿರೀ?" ಎಂದು ಕೇಳಿದನು. ಮರುದಿನವೇ ಹೊರಡೋಣವೆಂದು ನಾವು ಹೇಳಿದೆವು.

ಗೆಳೆಯನು ಹೊಲದಲ್ಲಿದ್ದನು. ಈ ಸೀಮೆಯಲ್ಲಿ ಅಡ್ಡಮಳೆಯ ಹದವನ್ನು ನೋಡಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿಯುಂಟು. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ಆದುದರಿಂದ ರೈತನು ಆಗ ಆಕಾಶವನ್ನೂ ಬೀಜದ ಚೀಲವನ್ನೂ ನೋಡುತ್ತಲೇ ಇರುತ್ತಾನೆ. ನಮ್ಮನ್ನು ಕಂಡು ಅವನು ಎತ್ತುಗಳನ್ನು ನಿಲ್ಲಿಸಿ ಬಂದನು. "ಬರ್ರಿ ಗುರುಗಳ, ಬಿಸಲಾಗ ಬಂದೀರಿ" ಎಂದು ನಮಗೆ ನಮಸ್ಕರಿಸಿ, ಇವನ ಕಡೆಗೆ ತಿರುಗಿ, "ಏನಲೇ, ದಾರಿ ಮರತಿದ್ದೇನ?" ಎಂದನು. ನಮ್ಮ ಭಾಷಣಕಾರನಿಗೆ ಮಾತೇ ಹೊರಡಲಿಲ್ಲ.

ಮನೆಯಲ್ಲಿ ಆ ತಾಯಿಯು ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿಗಳನ್ನು ಬಡಿಸಿದಳು. ಬಿಸಿಲಿಳಿದ ಮೇಲೆ ಮೂವರೂ ನೀರಸಾಗರದ ದಂಡೆಗೆ ಹೋದೆವು. ಬೇಡ್ತಿಯ ಹಳ್ಳಕ್ಕೆ ಒಡ್ಡು ಕಟ್ಟಿ ಮಾಡಿದ ಜಲಾಶಯವಿದು. ಬೇಸಿಗೆಯಾದುದರಿಂದ ನೀರು ಬಹಳ ಹಿಂದೆ ಸರಿದಿತ್ತು. "ಸಾಧನಕೇರಿಗೆ ಇನ್ನೂ ಹೋಗಿ ಕುಂದರತೀರೇನ?" ಎಂದು ಗೆಳೆಯನು ಕೇಳಿದನು. ನಾಲ್ವರೂ ಸಂಜೆಗೆ ಅಲ್ಲಿ ಕೂಡುತ್ತಿದ್ದರೆಂಬದು ಆಗ ತಿಳಿಯಿತು.

ಸಾಧನಕೇರಿಯೆಂದೊಡನೆ ಬೇಂದ್ರೆಯವರನ್ನು ನೆನೆಯದ ಧಾರವಾಡಿಗನಿಲ್ಲ. 1922ರಲ್ಲಿ ಅವರು ಕಟ್ಟಿದ ಗೆಳೆಯರ ಗುಂಪಿನ ಸಂಗತಿಯನ್ನು ಹುಡುಗರಿಗೆ ಹೇಳಿದೆವು. ಮುಂದೆ ಆಕ್ಸಫರ್ಡಿಗೆ ಹೋಗಿ ಬಂದು 1990ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ವಿನಾಯಕ ಗೋಕಾಕರು ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿ ಆ ಬಳಗವನ್ನು ಸೇರಿದರು. ಕಾಲೇಜಿನ ಪದವಿಯೇ ಇಲ್ಲದ ಶಂ. ಬಾ. ಜೋಶಿಯವರೂ ಅದೇ ಬಳಗದವರು. ಆ ಜೋಶಿಯವರ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು.

ಪಾಠ ಹೇಳುವ ಚಾಳಿಯು ನಿವೃತ್ತಿಯಾದರೂ ಬಿಡದು. 'ಸತೀರ್ಥ್ಯ'ವೆಂಬ ಶಬ್ದವನ್ನೂ ಬಿಡಿಸಿ ಹೇಳಿದೆವು. ತೀರ್ಥವೆಂದರೆ ನೀರಿಗಿಳಿಯುವ ಮೆಟ್ಟು, ಗುರುವೂ ತೀರ್ಥವೇ. ಒಂದೇ ತೀರ್ಥದಲ್ಲಿ ವಾಸಿಸಿದವರಿಗೆ ಈ ಹೆಸರು ಸಲ್ಲುವದೆಂದು ವೈಯಾಕರಣರು ಹೇಳುತ್ತಾರೆ. ಎಷ್ಟು ವರ್ಷ ವಾಸಿಸಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೋ ಬೇಡವೋ ಎಂಬದನ್ನು ಅವರು ವಿಚಾರಿಸಲಿಲ್ಲ. "ಹಂಗಾರ ನಾನೂ ಅದೀನ್ರಿ" ಎಂದು ದುಮ್ಮವಾಡದವನು ನಕ್ಕನು.

ಆಗಲೇ ನಮ್ಮ ಹುಡುಗನು ಅಂಗಿಯ ಕಿಸೆಯಿಂದ ಲಕೋಟೆಯೊಂದನ್ನು ತೆಗೆದು ಮುಂದೆ ಹಿಡಿದನು. ಹಳೆಯ ಫೀಯ ಹಣ. ಬೇಡವೆಂದು ದೂಡಿಬಿಟ್ಟಾನೆಂದು ನಮಗೆ ಭಯವಾಯಿತು. ಔದಾರ್ಯದಿಂದ ತಿರಸ್ಕರಿಸಿದ್ದರೆ ಈ ಹುಡುಗನು ಮತ್ತಷ್ಟು ಕುಗ್ಗುತ್ತಿದ್ದನು. ಆದರೆ ಅವನು ಹಣವನ್ನು ತೆಗೆದುಕೊಂಡು, ನಿಧಾನವಾಗಿ ಎಣಿಸಿ, "ಚಲೋ ಹೊತ್ತಿಗೆ ತಂದಿ ನೋಡು. ಬೀಜಕ್ಕ ಆತು" ಎಂದು ಕಿಸೆಗೆ ಹಾಕಿಕೊಂಡನು. ಬೆಳಗಿನಿಂದ ಬಿಗಿದುಕೊಂಡಿದ್ದ ನಮ್ಮ ಹುಡುಗನ ಮುಖವು ಸಡಿಲಾಯಿತು. ಆಮೇಲೆ ಅವರಿಬ್ಬರೂ ಕೋಣೆಯ ಮಾಲಕಳ ಬೆಕ್ಕು, ಕಳೆದುಹೋದ ಸೈಕಲ್ಲು, ಉಳಿದಿಬ್ಬರು ಗೆಳೆಯರ ವಿಚಾರಗಳನ್ನೆತ್ತಿ ಮಾತಾಡತೊಡಗಲು, ನಾವು ಸ್ವಲ್ಪ ದೂರ ಹೋಗಿ ಕುಳಿತೆವು.

ಸಂಜೆಯ ಬಸ್ಸಿಗೆ ಬರುವಾಗ ಗೆಳೆಯನ ತಂಗಿಯೂ ಜೊತೆಗೆ ಬಂದಳು. ಪಿ.ಯು.ಸಿ. ಮುಗಿಸಿದ ಅವಳು ಧಾರವಾಡದಲ್ಲಿ ಕಲಿಯಬೇಕೆಂದಿದ್ದಳು. ವಸತಿಗೃಹದಲ್ಲಿ ಸ್ಥಳ ಸಿಕ್ಕೀತೇ, ಅರ್ಜಿಯನ್ನು ಎಂದು ತುಂಬಬೇಕು ಎಂದು ಅವಳು ಕೇಳುತ್ತಿರಲು, ನಮ್ಮ ಹುಡುಗನು ಒಂದೊಂದನ್ನೂ ಕಾಗದದಲ್ಲಿ ಬರೆದುಕೊಟ್ಟನು. ಬಸ್ಸು ಹೊರಟಾಗ ಗೆಳೆಯನು ಕಿಡಕಿಯ ಬಳಿ ಬಂದು, "ಪದವೀ ಕೊಡೂ ದಿನ ತಿಳಸಲೇ; ಹೊಲದ ಕೆಲಸ ಇಲ್ಲಂದ್ರ ಬರತೀನಿ" ಎಂದನು.